ಕಟ್ಟಡಕ್ಕೆ ಸಿಸಿ ಕ್ಯಾಮೆರಾ ಹಾಕಿಸ್ತೀರಾ? ಕೊಟೇಶನ್‌ಗೆ ಒಪ್ಪುವ ಮುನ್ನ ಇಷ್ಟು ನೋಡ್ಕೊಳ್ಳಿ

ಸಾಗರ: ಷಟರ್ ಮುರಿದ ಕಳ್ಳರು ಹೋಗುವಾಗ ಸಿಸಿ ಕ್ಯಾಮೆರಾದ ರೆಕಾರ್ಡರ್ ಬಾಕ್ಸನ್ನೂ ಹೊತ್ತೊಯ್ದರು ಅನ್ನೋ ಸುದ್ದಿ ಓದುಗರಿಗೆ ಹೊಸದಲ್ಲ. ಕೆಲವೆಡೆ ಬಾಕ್ಸ್ ಉಳಿದಿರುತ್ತೆ, ಆದರೆ ಬೇಕಾದ ದಿನದ ವಿಡಿಯೊ ಇರಲ್ಲ. ವಿಡಿಯೊ ಇದ್ದರೂ ಅದರಲ್ಲಿ ಕಾಣೋದು ಬರೀ ಟೋಪಿ. ಅಂಗಡಿಯವರು ಚೌಕಾಸಿ ಮಾಡೋದು ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಎಷ್ಟು ರೇಟು ಅಂತ. ಕೈಕೊಡೋದು ಮಾತ್ರ ಹೆಚ್ಚಾಗಿ ಅದರ ಹಿಂದಿರೋ ಹಾರ್ಡ್‌ಡಿಸ್ಕ್, ಕೇಬಲ್ ಮತ್ತು ಕರೆಂಟು.

ಬಿ.ಎಚ್. ರಸ್ತೆ ಬದಿಯ ಒಂದು ಸಾಧಾರಣ ಕಟ್ಟಡವನ್ನೇ ಉದಾಹರಣೆಗೆ ತಗೊಳ್ಳಿ. ಕೆಳಗೆ ನಾಲ್ಕು ಮಳಿಗೆ, ಮೇಲೆ ಒಂದೆರಡು ಆಫೀಸು, ಹಿಂದೆ ಅಡಿಕೆ ಮೂಟೆ ಇಡೋ ಗೋದಾಮು. ಇಂಥ ಕಡೆ ಎಂಟು ಐಪಿ ಕ್ಯಾಮೆರಾ, ಅಂದ್ರೆ ನೆಟ್‌ವರ್ಕ್ ಕೇಬಲ್‌ನಲ್ಲಿ ಓಡೋ ಕ್ಯಾಮೆರಾ, ಸಾಕಾಗುತ್ತೆ.

ಮೊದಲು ಕೇಳಬೇಕಾದ್ದು: ಎಷ್ಟು ದಿನದ ರೆಕಾರ್ಡಿಂಗ್?

4 ಮೆಗಾಪಿಕ್ಸೆಲ್ ಕ್ಯಾಮೆರಾ ಎಚ್.265 ವಿಧಾನದಲ್ಲಿ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಬರೆದರೆ ದಿನಕ್ಕೆ 21.6 ಜಿಬಿ ಬೇಕು. ಎಂಟು ಕ್ಯಾಮೆರಾಗೆ ದಿನಕ್ಕೆ ಹತ್ತಿರಹತ್ತಿರ 173 ಜಿಬಿ. ಕೊಟೇಶನ್‌ನಲ್ಲಿ 1 ಟಿಬಿ ಡಿಸ್ಕ್ ಅಂತ ಬರೆದಿದ್ದರೆ ಅದು ಆರು ದಿನಕ್ಕೂ ಸಾಲಲ್ಲ. 30 ದಿನ ಬೇಕೆಂದರೆ 5 ಟಿಬಿ ದಾಟುತ್ತೆ, ಅಂದ್ರೆ 6 ಟಿಬಿ ಡಿಸ್ಕೇ ಹಾಕಿಸಬೇಕು. ಗಲ್ಲಾಪೆಟ್ಟಿಗೆ ಒಡೆದರೆ ಬೆಳಗ್ಗೆಯೇ ಗೊತ್ತಾಗುತ್ತೆ. ಗೋದಾಮಿನಲ್ಲಿ ಎರಡು ಮೂಟೆ ಕಡಿಮೆ ಇರೋದು ಗೊತ್ತಾಗೋದು ಲೋಡ್ ಮಾಡೋ ದಿನ ಎಣಿಸಿದಾಗ, ಅಷ್ಟರಲ್ಲಿ ಮೂರು ವಾರ ಕಳೆದಿರುತ್ತೆ. ಡಿಸ್ಕ್ ಕೂಡ ಕಂಪ್ಯೂಟರ್‌ನಿಂದ ಬಿಚ್ಚಿದ್ದು ಬೇಡ. ಹಗಲುರಾತ್ರಿ ಬರೆಯೋಕೆಂದೇ ಬರುವ ಸರ್ವೈಲೆನ್ಸ್ ಡಿಸ್ಕ್ ಕೇಳಿ.

ಇದರಲ್ಲಿ ಕಾನೂನಿನ ಮಾತೂ ಇದೆ. ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಪ್ರಕಾರ, ಒಂದೇ ಹೊತ್ತಿಗೆ 100 ಜನ ಅಥವಾ ದಿನಕ್ಕೆ 500 ಜನ ಸೇರಬಹುದಾದ ಸಂಸ್ಥೆಗಳು ಕ್ಯಾಮೆರಾ ಹಾಕಿಸಿ 30 ದಿನದ ವಿಡಿಯೊ ಇಟ್ಟುಕೊಳ್ಳಬೇಕು. ಸಣ್ಣ ಅಂಗಡಿ ಇದರೊಳಗೆ ಬರದಿದ್ದರೂ ಆ 30 ದಿನದ ಲೆಕ್ಕವನ್ನೇ ಹಿಡಿಯೋದು ಒಳ್ಳೇದು.

ಮುಖ ಕಾಣಬೇಕು, ಬೀದಿ ಅಲ್ಲ

ಮುಖ ಗುರುತಿಸಲು ದೃಶ್ಯದ ಅಗಲದಲ್ಲಿ ಮೀಟರ್‌ಗೆ 250 ಪಿಕ್ಸೆಲ್ ಬೇಕು ಅನ್ನೋದು ಈ ಕೆಲಸದವರು ಇಟ್ಟುಕೊಂಡ ಅಳತೆ. ಹೆಚ್ಚಿನ ಕ್ಯಾಮೆರಾಗಳಲ್ಲಿ ಬರೋ 2.8 ಎಂಎಂ ಲೆನ್ಸ್ ಅಗಲವಾಗಿ ತೋರಿಸುತ್ತೆ, ನೋಡೋಕೆ ಚೆಂದ. ಆದರೆ 4 ಮೆಗಾಪಿಕ್ಸೆಲ್‌ನಲ್ಲೂ ಈ ಅಳತೆಗೆ ಸರಿಯಾಗಿ ಮುಖ ಸಿಗೋದು ಸುಮಾರು ನಾಲ್ಕು ಮೀಟರ್‌ವರೆಗೆ ಮಾತ್ರ. ಗೇಟು, ಗೋದಾಮಿನ ಬಾಗಿಲಿನಂಥ ದೂರದ ಜಾಗಕ್ಕೆ 6 ಎಂಎಂ ಹಾಕಿಸಿ. ಬಾಗಿಲ ಕ್ಯಾಮೆರಾ ಏಳೆಂಟು ಅಡಿ ಎತ್ತರದಲ್ಲಿರಲಿ, ಹನ್ನೆರಡು ಅಡಿಗೆ ಏರಿಸಿದರೆ ನೆತ್ತಿ ಕಾಣುತ್ತೆ ಅಷ್ಟೆ. ಷಟರ್ ಕಡೆ ಮುಖ ಮಾಡಿದ ಕ್ಯಾಮೆರಾದಲ್ಲಿ ರಸ್ತೆ ಬೆಳಕಿಗೆ ಒಳಬರೋರ ಮುಖ ಕಪ್ಪಾಗುತ್ತೆ, ಅಲ್ಲಿಗೆ ಡಬ್ಲ್ಯೂಡಿಆರ್ ಇರೋ ಮಾದರಿಯೇ ಬೇಕು. ಇನ್ನು ನಮ್ಮ ಮಲೆನಾಡಿನಲ್ಲಿ ಇನ್‌ಫ್ರಾರೆಡ್ ಬೆಳಕಿನ ಮುಂದೆ ಜೇಡ ಬಲೆ ಕಟ್ಟಿ, ರಾತ್ರಿಯೆಲ್ಲ ಮೊಬೈಲಿಗೆ ಅಲರ್ಟ್ ಬರ್ತಾನೇ ಇರುತ್ತೆ. ಅದಕ್ಕೆ ಯಾವ ಕಂಪನಿ ಹತ್ತಿರವೂ ಮದ್ದಿಲ್ಲ, ಪೊರಕೆಯೇ ಗತಿ.

ಕೇಬಲ್, ಕರೆಂಟು, ಸಿಡಿಲು

ಪಿಒಇ ಸ್ವಿಚ್ ಹಾಕಿಸಿದರೆ ಒಂದೇ ಕ್ಯಾಟ್-6 ಕೇಬಲ್‌ನಲ್ಲಿ ವಿಡಿಯೊನೂ ಕರೆಂಟೂ ಹೋಗುತ್ತೆ, ಪ್ರತಿ ಕ್ಯಾಮೆರಾ ಪಕ್ಕ ಪ್ಲಗ್ ಪಾಯಿಂಟ್ ಬೇಡ. ದೊಡ್ಡ ಅನುಕೂಲ ಅಂದ್ರೆ ಸ್ವಿಚ್, ರೆಕಾರ್ಡರ್, ರೂಟರ್ ಮೂರಕ್ಕೂ ಒಂದು ಯುಪಿಎಸ್ ಕೊಟ್ಟರೆ ಕಟ್ಟಡದ ಎಲ್ಲ ಕ್ಯಾಮೆರಾನೂ ಕರೆಂಟ್ ಹೋದಾಗ ಓಡುತ್ತವೆ. ಎಂಟು ಕ್ಯಾಮೆರಾಗೆ ಎಲ್ಲ ಸೇರಿ ಸುಮಾರು 100 ವ್ಯಾಟ್. ಇನ್ವರ್ಟರ್ ಇದ್ದರೆ ಅದರ ಯುಪಿಎಸ್ ಮೋಡ್ ಆನ್ ಇದೆಯಾ ನೋಡಿ, ಇಲ್ಲದಿದ್ದರೆ ಕರೆಂಟ್ ಹೋದಾಗಲೆಲ್ಲ ರೆಕಾರ್ಡರ್ ಆಫ್ ಆಗಿ ಮತ್ತೆ ಶುರುವಾಗಬಹುದು.

ಕೇಬಲ್‌ನಲ್ಲಿ ಮೋಸ ಜಾಸ್ತಿ. ಅಲ್ಯುಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟಿದ್ದು ಅಗ್ಗ. ದೂರ ಎಳೆದಾಗ ಅದರಲ್ಲಿ ವೋಲ್ಟೇಜ್ ಬಿದ್ದು, ರಾತ್ರಿ ಇನ್‌ಫ್ರಾರೆಡ್ ದೀಪ ಹತ್ತಿದ ಕೂಡಲೇ ಕ್ಯಾಮೆರಾ ಆಫ್ ಆಗಬಹುದು. ‘ಶುದ್ಧ ತಾಮ್ರ’ ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಒಂದು ಎಳೆತ 100 ಮೀಟರ್ ಮೀರಬಾರದು. ಹಿಂದಿನ ಗೋದಾಮು ಬೇರೆ ಕಟ್ಟಡವಾಗಿದ್ದರೆ ಅಲ್ಲಿಗೆ ತಾಮ್ರದ ಬದಲು ಫೈಬರ್ ಎಳೆಸೋದೇ ಕ್ಷೇಮ. ಏಪ್ರಿಲ್-ಮೇ ಗುಡುಗು ಮಳೆಗೆ ಹೊರಗಿನ ತಾಮ್ರದ ಕೇಬಲ್ ಮೂಲಕ ಸಿಡಿಲಿನ ಹೊಡೆತ ಸ್ವಿಚ್‌ವರೆಗೂ ಬರುತ್ತೆ. ಅರ್ತಿಂಗ್ ಸರಿ ಇರಲೇಬೇಕು.

ರೆಕಾರ್ಡರ್ ಮಾತ್ರ ಗಲ್ಲಾ ಪಕ್ಕದ ಟಿವಿ ಕೆಳಗೆ ಬೇಡ. ಮೇಲಿನ ಆಫೀಸಿನಲ್ಲಿ, ಗೋಡೆಗೆ ಬಿಗಿದ ಬೀಗದ ಕಬ್ಬಿಣದ ರ‍್ಯಾಕ್‌ನಲ್ಲಿ ಇರಲಿ. ಬಾಗಿಲ ಕ್ಯಾಮೆರಾಗೆ ಒಂದು ಮೆಮೊರಿ ಕಾರ್ಡನ್ನೂ ಹಾಕಿಸಿದರೆ, ಬಾಕ್ಸ್ ಹೋದರೂ ಕೆಲವು ದಿನದ ದೃಶ್ಯ ಕ್ಯಾಮೆರಾದಲ್ಲೇ ಉಳಿಯುತ್ತೆ.

ಹಳೇ ಸ್ಟಾಕ್, ಪಾಸ್‌ವರ್ಡ್

2025ರ ಏಪ್ರಿಲ್ 9ರಿಂದ ಸಿಸಿ ಕ್ಯಾಮೆರಾಗಳಿಗೆ ಕೇಂದ್ರ ಸರ್ಕಾರದ ಹೊಸ ಭದ್ರತಾ ನಿಯಮ ಜಾರಿಯಲ್ಲಿದೆ. ಮಾದರಿ ಪರೀಕ್ಷೆಯಲ್ಲಿ ಪಾಸಾಗಿ ಬಿಐಎಸ್ ನೋಂದಣಿ ಪಡೆದಿರಬೇಕು. ತೀರಾ ಅಗ್ಗಕ್ಕೆ ಕೊಡ್ತಾರೆ ಅಂದ್ರೆ ಹಳೇ ಸ್ಟಾಕಾ ಅಂತ ಕೇಳಿ. ಬಾಕ್ಸ್ ಮೇಲಿನ ‘ಆರ್’ನಿಂದ ಶುರುವಾಗೋ ನೋಂದಣಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು.

ಹಾಕಿದವರು ಹೋಗೋ ಮುಂಚೆ ಅಡ್ಮಿನ್ ಪಾಸ್‌ವರ್ಡ್ ನೀವೇ ಬದಲಿಸಿ. ಎಷ್ಟೋ ಅಂಗಡಿಗಳಲ್ಲಿ ಅದು ಇವತ್ತಿಗೂ ಹಾಕಿದವರ ಮೊಬೈಲಲ್ಲೇ ಇದೆ. ಬಾಕಿ ಹಣ ಕೊಡೋದು ಒಂದು ಪರೀಕ್ಷೆ ಆದ ಮೇಲೆ: ಮೇನ್ ಸ್ವಿಚ್ ಆಫ್ ಮಾಡಿ, ಹಿಂದಿನ ರಾತ್ರಿ ಎಂಟು ಗಂಟೆಯ ದೃಶ್ಯ ತೆಗೆದು ಪೆನ್‌ಡ್ರೈವ್‌ಗೆ ಹಾಕಿಕೊಡಿ ಅನ್ನಿ. ಪರದೆ ಮೇಲಿನ ಗಡಿಯಾರ ಸರಿ ಇದೆಯಾ ಅಂತನೂ ಅಲ್ಲೇ ನೋಡಿ. ಹತ್ತು ನಿಮಿಷ ಹಿಂದುಮುಂದಾದರೆ ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರು ಮೊದಲು ಹಿಡಿಯೋದು ಅದನ್ನೇ.

ಕಳ್ಳತನವಾದರೆ ವಿಡಿಯೊ ಕಾಪಿ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತೆ. ಫೈಲ್ ತಿದ್ದಿಲ್ಲ ಅಂತ ತೋರಿಸೋ ಹ್ಯಾಶ್ ಸಂಖ್ಯೆಯೂ ಅದರಲ್ಲಿರುತ್ತೆ. ಠಾಣೆಗೆ ದೂರು ಕೊಡೋ ದಿನವೇ ದೃಶ್ಯ ತೆಗೆದಿಡಲು ಹೇಳಿ, ಯಾಕಂದ್ರೆ ಡಿಸ್ಕ್ ತುಂಬಿದ ಮೇಲೆ ರೆಕಾರ್ಡರ್ ತಾನಾಗೇ ಹಳೇ ದಿನಗಳನ್ನು ಅಳಿಸ್ತಾ ಹೋಗುತ್ತೆ.