ಲಿಬರ್ಟಿ ಎಂಜಿನ್ನು ನೀರಿಗಿಳಿದ ಬಗೆ: ವೇಗ ಮತ್ತು ಬಾಳಿಕೆಯನ್ನು ಕುರಿತ ಒಂದು ವಿಚಾರ

ವಿಹಾರದ ಮೋಟಾರು ದೋಣಿಗಳ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಗಂಟೆಗೆ ಇಷ್ಟು ಮೈಲಿ ಎಂಬ ದಾಖಲೆಗಳನ್ನೇ ಕಾಲಾನುಕ್ರಮವಾಗಿ ಜೋಡಿಸಿಕೊಟ್ಟಿದ್ದಾರೆ. ಆ ವೇಗವನ್ನು ಕೊಟ್ಟ ಎಂಜಿನ್ನು ಮರುದಿನ ಮತ್ತೆ ನಡೆಯಿತೇ ಎಂಬುದನ್ನು ಆ ಪಟ್ಟಿಗಳು ತಿಳಿಸುವುದಿಲ್ಲ. ದಾಖಲೆಗೆ ಒಂದು ಮೈಲಿಯನ್ನು ಎರಡು ದಿಕ್ಕಿನಲ್ಲಿ ಕ್ರಮಿಸಿದರೆ ಸಾಕು. ಹೆಂಡತಿ ಮಕ್ಕಳೊಡನೆ ಸರೋವರದ ನಡುವೆ ಹೋದವನಿಗಾದರೋ ದಡಕ್ಕೆ ಮರಳುವುದೂ ಅವಶ್ಯಕ. ಈ ಎರಡು ಅಗತ್ಯಗಳ ತಿಕ್ಕಾಟವು ಅಮೆರಿಕದ ಲಿಬರ್ಟಿ ಎಂಜಿನ್ನಿನ ಇತಿಹಾಸದಲ್ಲಿ ನಿಚ್ಚಳವಾಗಿ ಕಾಣುವುದರಿಂದ ಅದನ್ನೇ ಇಲ್ಲಿ ಪರಿಶೀಲಿಸಲಾಗಿದೆ.

ಲಿಬರ್ಟಿಯು ಮೂಲತಃ ವಿಮಾನದ ಎಂಜಿನ್ನು. ೧೯೧೭ರಲ್ಲಿ ಅಮೆರಿಕವು ಮಹಾಯುದ್ಧವನ್ನು ಪ್ರವೇಶಿಸಿದ ಕೆಲವೇ ವಾರಗಳಲ್ಲಿ ಪ್ಯಾಕರ್ಡ್ ಸಂಸ್ಥೆಯ ಜೆಸ್ಸಿ ವಿನ್ಸೆಂಟ್ ಮತ್ತು ಎಲ್ಬರ್ಟ್ ಹಾಲ್ ಎಂಬ ಇಬ್ಬರು ತಂತ್ರಜ್ಞರು ವಾಷಿಂಗ್ಟನ್ನಿನ ಒಂದು ಹೋಟೆಲಿನಲ್ಲಿ ಕುಳಿತು ಇದರ ನಕ್ಷೆಯನ್ನು ರೂಪಿಸಿದರು. ಹನ್ನೆರಡು ಸಿಲಿಂಡರುಗಳು, ಸುಮಾರು ೧,೬೫೦ ಘನ ಅಂಗುಲಗಳ ಗಾತ್ರ, ಸುಮಾರು ೪೦೦ ಅಶ್ವಶಕ್ತಿ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಎಂಜಿನ್ನುಗಳು ತಯಾರಾದವು. ೧೯೧೮ರ ನವೆಂಬರಿನಲ್ಲಿ ಯುದ್ಧ ಮುಗಿದಾಗ ಅನೇಕವು ವಿಮಾನವನ್ನೇ ಕಾಣದೆ ಉಗ್ರಾಣಗಳಲ್ಲಿ ಉಳಿದುವು. ಸರಕು ಲಾರಿಗಳ ಎತ್ತುಯಂತ್ರದಿಂದ ಐಶ್ವರ್ಯವಂತನಾಗಿದ್ದ ಗಾರ್ ವುಡ್ ಎಂಬ ಉದ್ಯಮಿಯು ಇವನ್ನು ದೊಡ್ಡ ಸಂಖ್ಯೆಯಲ್ಲಿ ಕೊಂಡು ದೋಣಿಗೆ ಒಗ್ಗುವಂತೆ ಮಾರ್ಪಡಿಸಿದನು. ೧೯೨೦ರಲ್ಲಿ ಎರಡು ಲಿಬರ್ಟಿಗಳಿದ್ದ ಅವನ ‘ಮಿಸ್ ಅಮೆರಿಕ’ ಇಂಗ್ಲೆಂಡಿಗೆ ಹೋಗಿ ಹಾರ್ಮ್ಸ್‌ವರ್ತ್ ಪಾರಿತೋಷಕವನ್ನು ಗೆದ್ದಿತು. ಅದೇ ವರ್ಷ ಡೆಟ್ರಾಯಿಟಿನಲ್ಲಿ ಗಂಟೆಗೆ ೭೪ ಮೈಲಿಗೂ ಮೀರಿ ಓಡಿತು.

ದೋಣಿಗೆ ಒಗ್ಗಿಸುವುದೆಂದರೇನು? ಮೋಟಾರು ಕಾರು ಒಮ್ಮೆ ವೇಗವನ್ನು ಪಡೆದ ಮೇಲೆ ತನ್ನ ಶಕ್ತಿಯ ಸ್ವಲ್ಪಾಂಶದಿಂದಲೇ ಸಾಗುತ್ತದೆ; ಇಳಿಜಾರಿನಲ್ಲಿ ಎಂಜಿನ್ನಿಗೆ ವಿಶ್ರಾಂತಿಯೇ ದೊರೆಯುತ್ತದೆ. ನೀರಿನಲ್ಲಿ ಇಳಿಜಾರೆಂಬುದಿಲ್ಲ. ದೋಣಿಯು ವೇಗವಾಗಿ ಹೋಗುವವರೆಗೂ ಎಂಜಿನ್ನು ಏರುದಾರಿಯಲ್ಲಿ ತುಂಬಿದ ಬಂಡಿಯನ್ನೆಳೆಯುವ ಎತ್ತಿನಂತೆ ದುಡಿಯುತ್ತಲೇ ಇರಬೇಕು. ವಿಮಾನವಾದರೂ ಮೇಲೇರುವಾಗ ಮಾತ್ರ ಪೂರ್ಣ ಶಕ್ತಿಯನ್ನು ಬಳಸಿ, ಅನಂತರ ತಗ್ಗಿಸಿಕೊಳ್ಳುತ್ತದೆ. ಇದರ ಮೇಲೆ ಅಲೆಯೊಂದರಿಂದ ದೋಣಿ ನೆಗೆದು ಪ್ರೊಪೆಲರು ನೀರಿನಿಂದ ಹೊರಬಂದರೆ, ಹೊರೆ ಕಳಚಿದ ಎಂಜಿನ್ನು ಕ್ಷಣಮಾತ್ರದಲ್ಲಿ ಮಿತಿಮೀರಿ ತಿರುಗುತ್ತದೆ. ಮರುಕ್ಷಣ ನೀರು ಅದನ್ನು ಹಿಡಿದು ಜಗ್ಗುತ್ತದೆ. ಲಿಬರ್ಟಿಯ ಸಿಲಿಂಡರುಗಳ ಸುತ್ತ ನೀರು ಹರಿಯಲು ಬೆಸೆದ ತೆಳುವಾದ ಉಕ್ಕಿನ ಕವಚಗಳಿದ್ದುವು. ಆಕಾಶದಲ್ಲಿ ಅದೇ ಶುದ್ಧಜಲವು ಮತ್ತೆ ಮತ್ತೆ ಸುತ್ತುತ್ತಿತ್ತು. ಸಮುದ್ರದ ಉಪ್ಪುನೀರನ್ನೇ ನೇರವಾಗಿ ಹಾಯಿಸಿದರೆ ಅಂತಹ ಕವಚ ಎಷ್ಟು ಕಾಲ ತಾಳೀತು?

ಇಷ್ಟಾದ ಮೇಲೂ ಹೆಚ್ಚು ವೇಗ ಬೇಕೆಂದರೆ ಮುಖ್ಯವಾಗಿ ಎರಡು ಮಾರ್ಗಗಳಿವೆ. ಸಿಲಿಂಡರಿನೊಳಗಿನ ಮಿಶ್ರಣವನ್ನು ಹೆಚ್ಚು ಒತ್ತಿ ಉರಿಸುವುದು ಒಂದು. ಇದರಿಂದ ಶಕ್ತಿ ಹೆಚ್ಚುತ್ತದೆ. ಆದರೆ ಪೆಟ್ರೋಲಿನ ಗುಣ ಸಾಲದಿದ್ದರೆ ಮಿಶ್ರಣವು ಕ್ರಮವಾಗಿ ಉರಿಯದೆ ಸಿಡಿದು, ಪಿಸ್ಟನ್ನಿನ ತಲೆಯೇ ತೂತಾಗಬಹುದು. ಎಂಜಿನ್ನನ್ನು ಹೆಚ್ಚು ಬೇಗ ತಿರುಗಿಸುವುದು ಇನ್ನೊಂದು. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ದಂಡದ ಮೇಲೆ ಪಿಸ್ಟನ್ನಿನ ಭಾರದಿಂದುಂಟಾಗುವ ಎಳೆತವು ಸುತ್ತುಗಳ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ನಿಮಿಷಕ್ಕೆ ೧,೭೦೦ ಸುತ್ತುಗಳಿಗಾಗಿ ರಚಿತವಾದ ಎಂಜಿನ್ನನ್ನು ೨,೦೦೦ಕ್ಕೆ ಏರಿಸಿದರೆಂದು ಭಾವಿಸೋಣ: ಸುತ್ತುಗಳು ಶೇಕಡ ೧೮ರಷ್ಟು ಹೆಚ್ಚಿದರೆ ಎಳೆತ ಶೇಕಡ ೩೮ರಷ್ಟು ಹೆಚ್ಚುತ್ತದೆ. ದಂಡವು ಆ ದಿನವೇ ಮುರಿಯಬೇಕೆಂದಿಲ್ಲ. ಲೋಹವು ದಣಿಯುತ್ತಾ ಬಂದು, ಯಾರೂ ನಿರೀಕ್ಷಿಸದ ದಿನ ಮುರಿಯುತ್ತದೆ. ದಾಖಲೆಯ ಒಂದು ಮೈಲಿ ಸುಗಮವಾಗಿ ಮುಗಿಯುವುದು ಇದರಿಂದಲೇ.

ಪಂದ್ಯಗಳಲ್ಲಿ ಗಾರ್ ವುಡ್‌ನ ಪಕ್ಕದಲ್ಲಿ ಆರ್ಲಿನ್ ಜಾನ್ಸನ್ ಎಂಬ ಯಂತ್ರನಿಪುಣನು ಕುಳಿತಿರುತ್ತಿದ್ದುದನ್ನು ಇಲ್ಲಿ ಗಮನಿಸಬೇಕು. ಚಿತ್ರಗಳಲ್ಲಿ ಜನರು ನೋಡುವುದು ವುಡ್‌ನನ್ನು. ಎಂಜಿನ್ನಿನ ಮೇಲೆ ಕಣ್ಣಿಟ್ಟಿದ್ದವನು ಇನ್ನೊಬ್ಬ. ವಿಹಾರ ದೋಣಿಯ ಒಡೆಯನಿಗೆ ಅಂತಹ ಜೊತೆಗಾರನಿಲ್ಲ. ಹಾಗೆಂದು ಲಿಬರ್ಟಿಯು ಬಾಳಿಕೆಗೆ ಅಯೋಗ್ಯವಾಗಿತ್ತೆಂದೂ ಅಲ್ಲ. ೧೯೨೧ರಲ್ಲಿ ವುಡ್ ಮಯಾಮಿಯಿಂದ ನ್ಯೂಯಾರ್ಕಿನವರೆಗೆ ಸುಮಾರು ೧,೨೫೦ ಮೈಲಿಗಳನ್ನು ಸುಮಾರು ೪೭ ಗಂಟೆಗಳಲ್ಲಿ ಕ್ರಮಿಸಿ, ‘ಹವಾನಾ ಸ್ಪೆಷಲ್’ ರೈಲನ್ನು ಕೆಲವೇ ನಿಮಿಷಗಳಿಂದ ಹಿಂದೆ ಹಾಕಿದನು. ಸರಾಸರಿ ವೇಗ ಗಂಟೆಗೆ ೨೬ ಮೈಲಿಯಷ್ಟೆ. ನನ್ನ ದೃಷ್ಟಿಯಲ್ಲಿ ಡೆಟ್ರಾಯಿಟಿನ ೭೪ ಮೈಲಿಗಿಂತ ಇದೇ ಹೆಚ್ಚಿನ ಸಾಧನೆ.

೧೯೧೭ರಿಂದ ೧೯೨೧ರವರೆಗೆ ಐದು ಸಲವೂ ಗೋಲ್ಡ್ ಕಪ್ ವುಡ್‌ನ ದೋಣಿಗಳ ಪಾಲಾಯಿತು. ವಿಮಾನದ ಎಂಜಿನ್ನಿಗೆ ಎದುರು ನಿಲ್ಲಬಲ್ಲವರೇ ಇಲ್ಲವಾಗಲು, ೧೯೨೨ರ ಪಂದ್ಯಕ್ಕೆ ಹೊಸ ನಿಯಮ ಬಂದಿತು: ಎಂಜಿನ್ನು ೬೨೫ ಘನ ಅಂಗುಲಗಳನ್ನು ಮೀರಕೂಡದು, ದೋಣಿಯು ಸಂಭಾವಿತರು ವಿಹಾರಕ್ಕೆ ಬಳಸುವಂತಹದಾಗಿರಬೇಕು. ಹೀಗೆ ಲಿಬರ್ಟಿಯು ಹೊರಬಿದ್ದಿತು. ಆ ವರ್ಷ ಗೆದ್ದವನು ಯಾರು? ಲಿಬರ್ಟಿಯನ್ನು ರೂಪಿಸಿದ್ದ ಜೆಸ್ಸಿ ವಿನ್ಸೆಂಟನೇ, ಮಿತಿಯೊಳಗಿನ ಪ್ಯಾಕರ್ಡ್ ಎಂಜಿನ್ನಿನಿಂದ. ವೇಗ ತಗ್ಗಿದುದು ನಿಜ. ಆದರೆ ಪಂದ್ಯದ ದೋಣಿಗೂ ಮಾರಾಟದ ದೋಣಿಗೂ ಕಡಿದುಹೋಗಿದ್ದ ಸಂಬಂಧ ಮತ್ತೆ ಕೂಡಿತು.

ಅಂದು ಪಂದ್ಯದ ನಿಯಮದಿಂದ ಆದ ಕೆಲಸವನ್ನು ಇಂದು ತಯಾರಕರೇ ಮಾಡುತ್ತಾರೆ. ಒಂದೇ ದೋಣಿ ಎಂಜಿನ್ನನ್ನು ದಿನವಿಡೀ ದುಡಿಯುವ ಮೀನುಗಾರನಿಗೆ ಕಡಿಮೆ ಅಶ್ವಶಕ್ತಿಯದೆಂದೂ, ವರ್ಷಕ್ಕೆ ಕೆಲವು ನೂರು ಗಂಟೆ ಮಾತ್ರ ಓಡಿಸುವ ವಿಹಾರಿಗೆ ಹೆಚ್ಚು ಅಶ್ವಶಕ್ತಿಯದೆಂದೂ ಮಾರುವುದುಂಟು. ಎರಕ ಒಂದೇ; ಇಂಧನದ ಹೊಂದಾಣಿಕೆ ಬೇರೆ. ಅದನ್ನೂ ಮೀರಿ ವೇಗವನ್ನು ಬಯಸುವವನು ಎಂಜಿನ್ನನ್ನು ಬಿಚ್ಚುವ ಮುನ್ನ ದೋಣಿಯ ತಳದ ಪಾಚಿಯನ್ನು ಕೆರೆದು, ಬೇಡದ ಭಾರವನ್ನಿಳಿಸಿ, ಪ್ರೊಪೆಲರು ತಕ್ಕುದೇ ಎಂದು ನೋಡಿಕೊಳ್ಳುವುದು ಲೇಸು. ಈ ಮೂರರಿಂದ ದೊರೆತ ವೇಗಕ್ಕೆ ಪಿಸ್ಟನ್ನು ಬೆಲೆ ತೆರಬೇಕಾಗಿಲ್ಲ.