ಹಳದಿ ನೋಟೀಸಿನಿಂದ ಸಾಲ ತೀರುತ್ತದೆಯೆ?

ಎಡಪ್ಪಾಡಿಯಲ್ಲಿ ನೂಲಿನ ವ್ಯಾಪಾರ ಮಾಡುವ ನನ್ನ ಸೋದರಳಿಯ ಒಂದು ದಿನ ಬಂದು, "ಮಾವ, ಐ.ಪಿ. ಹಾಕಿಬಿಡುತ್ತೇನೆ. ಹಾಕಿದರೆ ಸಾಲವೆಲ್ಲ ಹೋಯಿತಂತೆ" ಎಂದನು. ಮಗ್ಗದವರಿಂದ ಬಾಕಿ ಬಾರದೆ ಸೋತಿದ್ದ. ಅವನ ಒಂದು ಸಾಲಪತ್ರಕ್ಕೆ ಜಾಮೀನು ನಿಂತವನು ನಾನೇ. ಇಬ್ಬರೂ ಸೇಲಂನ ವಕೀಲರ ಬಳಿಗೆ ಹೋದೆವು. ಅಲ್ಲಿ ತಿಳಿದದ್ದು ಸಮಾಜ ಬಾಂಧವರಿಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ತಮಿಳಿನವರು 'ಮಂಜಳ್ ನೋಟೀಸ್' ಎನ್ನುವುದು ಈ ದಿವಾಳಿ ಅರ್ಜಿಯನ್ನೇ. 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂದಿದ್ದರೂ, ವ್ಯಕ್ತಿಗಳ ಮಟ್ಟಿಗೆ ಅದು 2019ರ ಡಿಸೆಂಬರಿನಲ್ಲಿ ಜಾರಿಯಾದದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ನಮ್ಮಂಥ ಊರಿನ ವ್ಯಾಪಾರಿಗೆ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ.

ಅದರಲ್ಲಿ ಎರಡು ಮೆಟ್ಟಿಲು. ಮೊದಲು ಕೋರ್ಟು ದಿವಾಳಿಯೆಂದು ಘೋಷಿಸುತ್ತದೆ. ಆಸ್ತಿ ಕೋರ್ಟಿನ ಅಥವಾ ರಿಸೀವರನ ವಶವಾಗುತ್ತದೆ. ಸಾಲ ಅಲ್ಲಿಗೆ ಹೋಗದು. ಕೋರ್ಟು ಹೇಳಿದ ಗಡುವಿನೊಳಗೆ ಬಿಡುಗಡೆಗೆ ಬೇರೆ ಅರ್ಜಿ ಹಾಕಬೇಕು. ಹಾಕದಿದ್ದರೆ ಘೋಷಣೆಯೇ ರದ್ದು. ಬಿಡುಗಡೆಯಾಗುವ ಮುನ್ನ ದಿವಾಳಿಯೆಂದು ತಿಳಿಸದೆ 50 ರೂಪಾಯಿ ಸಾಲ ಎತ್ತಿದರೂ ಅಪರಾಧ.

ಬಿಡುಗಡೆಯೂ ಸುಲಭವಲ್ಲ. ಆಸ್ತಿ ರೂಪಾಯಿಗೆ ಎಂಟಾಣೆಯಷ್ಟೂ ಇಲ್ಲದಿದ್ದು, ಅದಕ್ಕೆ ತಾನು ಹೊಣೆಯಲ್ಲವೆಂದು ತೋರಿಸಲಾಗದಿದ್ದರೆ ಪೂರ್ಣ ಬಿಡುಗಡೆಯಿಲ್ಲ. ದುಂದು, ಜೂಜು, ಸಟ್ಟಾ ಇದ್ದರೂ ಇಲ್ಲ. ಹಿಂದಿನ ಮೂರು ವರ್ಷದ ಲೆಕ್ಕಪುಸ್ತಕ ಸರಿಯಾಗಿ ಇಡದಿದ್ದರೂ ಇಲ್ಲ. ಮಹಾವೀರ ನಿರ್ವಾಣದ ದಿನ ಖಾತೆ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ, ಆಮೇಲೆ ಎಲ್ಲವನ್ನೂ ತುಂಡು ಚೀಟಿಯಲ್ಲಿ ಬರೆಯುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಅಳಿಯನೂ ಅವರಲ್ಲಿ ಒಬ್ಬ.

ಹಿಂದಿನ ವರ್ಷ ಮನೆಯನ್ನು ಹೆಂಡತಿಯ ಹೆಸರಿಗೆ ದಾನಪತ್ರ ಮಾಡಿದ್ದನು. ಅದನ್ನು ಕೇಳಿ ವಕೀಲರು ತಲೆಯಾಡಿಸಿದರು. ಎರಡು ವರ್ಷದೊಳಗಿನ ಇಂಥ ವರ್ಗಾವಣೆಯನ್ನು ಕೋರ್ಟು ರದ್ದು ಮಾಡಬಹುದು. ಅರ್ಜಿಗೆ ಹಿಂದಿನ ಮೂರು ತಿಂಗಳಲ್ಲಿ ಬೇಕಾದ ಒಬ್ಬ ಸಾಲಗಾರನಿಗೆ ಮಾತ್ರ ಮುಂದಾಗಿ ಹಣ ಕೊಟ್ಟದ್ದೂ ನಿಲ್ಲಲಾರದು. ಇನ್ನು ಸರ್ಕಾರದ ಬಾಕಿ, ಮೋಸದಿಂದ ಮಾಡಿದ ಸಾಲ, ಹೆಂಡತಿ ಮಕ್ಕಳ ಜೀವನಾಂಶ ಇವು ಬಿಡುಗಡೆಯಾದ ಮೇಲೂ ಉಳಿಯುತ್ತವೆ. ಅಡವಿಟ್ಟ ಆಸ್ತಿಯ ಮೇಲೆ ಬ್ಯಾಂಕಿನ ಹಕ್ಕೂ ಹೋಗದು.

ಹಿಂದಿರುಗುವಾಗ ಬಸ್ಸಿನಲ್ಲಿ ಅವನು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ನನಗೆ ಬಿಡುಗಡೆಯಾದರೆ ನಿಮ್ಮ ಜಾಮೀನು ಏನಾಗುತ್ತದೆ ಮಾವ?" ಎಂದನು.

"ಸಾಲಗಾರನಿಗೆ ಬಿಡುಗಡೆಯಾದರೂ ಜಾಮೀನುದಾರನಿಗಿಲ್ಲ ಎಂದು ವಕೀಲರು ಹೇಳಿದ್ದು ನೀನು ಕೇಳಲಿಲ್ಲವೆ?" ಎಂದೆ.

ಅವನು ಅರ್ಜಿ ಇನ್ನೂ ಹಾಕಿಲ್ಲ. ನೂಲು ಕೊಟ್ಟವರ ಮನೆಗಳಿಗೆ ಒಬ್ಬೊಬ್ಬರಲ್ಲಿಗೆ ಹೋಗಿ ಕಂತು ಕೇಳುತ್ತಿದ್ದಾನೆ. ಇಬ್ಬರು ಒಪ್ಪಿದ್ದಾರೆ.