ಎಲ್ಲಿಂದ ಬಿದ್ದದ್ದು?

1956ರ ಮಾರ್ಚ್ 24. ಲಿವರ್‌ಪೂಲ್ ಬಳಿಯ ಏಂಟ್ರಿಯಲ್ಲಿ ಗ್ರ್ಯಾಂಡ್ ನ್ಯಾಷನಲ್ ಕುದುರೆ ಓಟ. ಬ್ರಿಟನ್ನಿನ ರಾಜಮಾತೆಯ ಕುದುರೆ ಡೆವನ್ ಲಾಕ್ ಬೇಲಿಗಳನ್ನೆಲ್ಲ ಹಾರಿ ಮುಂದಿತ್ತು. ಗೆಲುವಿನ ಗೆರೆ ಕೂಗಳತೆಯಲ್ಲಿದ್ದಾಗ, ಎದುರಿಗೆ ಏನೂ ಇಲ್ಲದಿದ್ದರೂ, ಮುಂಗಾಲೆತ್ತಿ ನೆಗೆದಂತೆ ಮಾಡಿ ಹೊಟ್ಟೆ ಅಡಿಯಾಗಿ ಹುಲ್ಲಿನ ಮೇಲೆ ಕುಸಿಯಿತು. ಹಿಂದಿದ್ದ ಇ.ಎಸ್.ಬಿ. ಗೆದ್ದಿತು. ಡೆವನ್ ಲಾಕ್ ಏಕೆ ಬಿತ್ತೆಂಬುದು ಇಂದಿಗೂ ಬಗೆಹರಿದಿಲ್ಲ. ಸವಾರ ಡಿಕ್ ಫ್ರಾನ್ಸಿಸ್ ಮುಂದೆ ರೋಚಕ ಕಾದಂಬರಿಗಳನ್ನು ಬರೆದು ಹೆಸರು ಮಾಡಿದರು. ಕುದುರೆಯ ಹೆಸರು ನುಡಿಗಟ್ಟಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬಾರದಂತೆ ಸೋತವರನ್ನು ಬ್ರಿಟಿಷರು ‘ಡೂಯಿಂಗ್ ಎ ಡೆವನ್ ಲಾಕ್’ ಎಂದು ಅಣಕಿಸುತ್ತಾರೆ.

ಇಂಗ್ಲಿಷಿನಲ್ಲಿ ಯಾರೋ ಬಿದ್ದರೆಂದರೆ, ಎಲ್ಲಿಂದ ಎಂದು ಕೇಳುವುದು ಒಳ್ಳೆಯದು. ಎಷ್ಟೋ ಸಲ ಕುದುರೆ ಮೇಲಿಂದಲೇ. ‘ಕಮ್ ಎ ಕ್ರಾಪರ್’ 19ನೇ ಶತಮಾನದ ಸವಾರರ ಆಡುಮಾತು: ತಲೆಕೆಳಗಾಗಿ ಧೊಪ್ಪನೆ ಬೀಳುವುದು. ಅಬ್ಬರದಿಂದ ಶುರುವಾದ ವ್ಯಾಪಾರ ನೆಲಕಚ್ಚಿದರೂ ಈಗ ಅದೇ ಮಾತು. ಇದರಲ್ಲಿ ತುಸು ನಗೆ ಬೆರೆತಿದೆ, ಹಾಗಾಗಿ ಸಾವುನೋವಿನ ಸುದ್ದಿಗೆ ಹೊಂದದು. ‘ಫಾಲ್ ಅಟ್ ದ ಫಸ್ಟ್ ಹರ್ಡಲ್’ ಎನ್ನುವುದು, ಅರ್ಜಿಗೆ ಸಹಿ ಹಾಕಲು ಮರೆತು ಸಂದರ್ಶನದವರೆಗೂ ಹೋಗಲಾಗದವನಿಗೆ.

ಕತ್ತಿಯ ಮೇಲೆ ಬೀಳುವುದೇ ಬೇರೆ. ಕ್ರಿ.ಪೂ. 42ರಲ್ಲಿ ಫಿಲಿಪ್ಪಿ ಯುದ್ಧದಲ್ಲಿ ಸೋತ ಬ್ರೂಟಸ್ ಪ್ರಾಣ ಬಿಟ್ಟದ್ದು ಹಾಗೆ. ಈಗ ‘ಫಾಲ್ ಆನ್ ಒನ್ಸ್ ಸ್ವೋರ್ಡ್’ ಎಂದರೆ ಹೊಣೆ ಹೊತ್ತು ಕುರ್ಚಿ ಬಿಡುವುದು. 1982ರಲ್ಲಿ ಅರ್ಜೆಂಟೀನಾ ಫಾಕ್‌ಲೆಂಡ್ ದ್ವೀಪಗಳಿಗೆ ನುಗ್ಗಿದಾಗ ರಾಜೀನಾಮೆಯಿತ್ತ ಬ್ರಿಟಿಷ್ ವಿದೇಶಾಂಗ ಸಚಿವ ಲಾರ್ಡ್ ಕ್ಯಾರಿಂಗ್ಟನ್ ಇದಕ್ಕೆ ತಕ್ಕ ಉದಾಹರಣೆ. ಕತ್ತು ಹಿಡಿದು ಹೊರದಬ್ಬಿಸಿಕೊಂಡ ಮಂತ್ರಿಗೆ ಈ ಮಾತಿನ ಗೌರವ ಸಲ್ಲದು.

‘ಫಾಲ್ ಫ್ರಮ್ ಗ್ರೇಸ್’ ಬೈಬಲ್ಲಿನದು, ಪೌಲನು ಗಲಾತ್ಯದವರಿಗೆ ಬರೆದ ಪತ್ರದಿಂದ ಬಂದದ್ದು. ಅಲ್ಲಿ ತಪ್ಪಿಹೋಗುವುದು ದೇವರ ಕೃಪೆ. ಇಂದಿನ ಪತ್ರಿಕೆಗಳಲ್ಲಿ ಜನರ ಮೆಚ್ಚುಗೆ, ಜಾಹೀರಾತಿನ ಒಪ್ಪಂದ.

ಎರಡು ಸ್ಟೂಲುಗಳ ನಡುವೆ ಬೀಳುವುದೂ ಉಂಟು: ಮಕ್ಕಳಿಗೂ ಇರಲಿ, ದೊಡ್ಡವರಿಗೂ ಇರಲಿ ಎಂದು ತೆಗೆದು ಯಾರಿಗೂ ಹಿಡಿಸದ ಸಿನಿಮಾದ ಹಾಗೆ.

ಇನ್ನು ‘ಫಾಲಿಂಗ್ ಆಫ್ ದ ವ್ಯಾಗನ್’. ಅಮೆರಿಕದ ಊರುಗಳಲ್ಲಿ ಧೂಳು ಏಳದಂತೆ ರಸ್ತೆಗೆ ನೀರು ಚಿಮುಕಿಸುವ ಬಂಡಿಗಳಿದ್ದವು. ಮದ್ಯ ಬಿಟ್ಟವನು ಆ ನೀರಿನ ಬಂಡಿ ಹತ್ತಿದ. ಮತ್ತೆ ಕುಡಿದವನು ಬಂಡಿಯಿಂದ ಬಿದ್ದ. ಈಗಂತೂ ಡಯಟ್ ನಡುವೆ ಮೈಸೂರು ಪಾಕಿಗೆ ಕೈಹಾಕಿದವರೂ ತಾವು ಬಂಡಿಯಿಂದ ಬಿದ್ದೆವೆಂದು ಹೇಳಿಕೊಳ್ಳಬಹುದು.